ಕಣ್ಣಿಲ್ಲದೆ ಹೋದ ಸಿಪಾಯಿ

ಕಾರ್ಕಳ

ನಾನು ಸ್ಕಾಟ್ಲೆಂಡಿಗೆ ಹೋದದ್ದು ಎರಡು ಕಣ್ಣು ಕೆತ್ತಲಿಕ್ಕೆ. ಬೇರೆ ಕೆಲಸ ಇರಲಿಲ್ಲ. ಅರಮನೆ ನೋಡಲಿಲ್ಲ, ಮ್ಯೂಸಿಯಂ ನೋಡಲಿಲ್ಲ. ಅಂಥದ್ದನ್ನು ಓದಬೇಕು ಎನ್ನುವವರು ಇಲ್ಲೇ ನಿಲ್ಲಿಸಬಹುದು.

ಮನೆ ಉಡುಪಿ ಕಡೆಯ ಇನ್ನಂಜೆ. ಕೆಲಸ ಕಾರ್ಕಳದಲ್ಲಿ, ವಾಸಣ್ಣನ ಕಲ್ಲಿನ ಶೆಡ್ಡಿನಲ್ಲಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಅಲ್ಲಿ ಸೇರಿದೆ. ನಾವು ಕೆತ್ತುವುದು ದೇವರ ಮೂರ್ತಿ, ನಾಗನ ಕಲ್ಲು, ಗುಡಿಯ ಬಾಗಿಲಿನ ಪಟ್ಟಿ. ಒಂದು ದಿನ ಬೆಂಗಳೂರಿನ ಏಜೆಂಟನೊಬ್ಬ ಸಿಪಾಯಿಯ ಆರ್ಡರ್ ತಂದ. ಸ್ಕಾಟ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಒಂದು ಕಲ್ಲಿನ ಕಂಬ ಇದೆ. ಇನ್ನೂರು ವರ್ಷದ ಹಿಂದೆ ಫ್ರೆಂಚರ ಮೇಲೆ, ಇನ್ನೂ ಯಾರ‍್ಯಾರ ಮೇಲೋ ನಡೆದ ಯುದ್ಧಗಳಿಗೆ ಆ ಊರಿನಿಂದ ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದ್ದು. ಕಂಬದ ತುದಿಯಲ್ಲಿ ಕೆಂಪು ಮೆದು ಕಲ್ಲಿನ ಒಬ್ಬ ಸಿಪಾಯಿ ಇದ್ದ. ಗಾಳಿಗೆ ಅವನ ಮುಖ ಸವೆದು ಸಾಬೂನಿನ ಹಾಗೆ ಆಗಿತ್ತು. ಒಂದು ಚಳಿಗಾಲದ ಬಿರುಗಾಳಿಗೆ ಆಳೇ ಕೆಳಗೆ ಬಿದ್ದ. ಸವೆಯದ ಕಲ್ಲು ಬೇಕು ಎಂದು ಹುಡುಕುತ್ತಾ ಅವರು ನಮ್ಮ ಕರಿಕಲ್ಲಿಗೆ ಬಂದಿದ್ದರು.

ವಾಸಣ್ಣ ಕೆತ್ತಿದರು. ಉದ್ದ ಟೊಪ್ಪಿ, ಬಂದೂಕು, ಎದೆಯ ಮೇಲೆ ಅಡ್ಡ ಪಟ್ಟಿ. ಕೋಟಿನ ಗುಂಡಿಗಳೆಲ್ಲ ನನ್ನ ಕೆಲಸ. ಮರದ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಮಲಗಿಸಿ ಕಳಿಸಿದೆವು. ಕಣ್ಣು ತೆರೆಯದೆ ಕಳಿಸಿದೆವು.

ಇದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವ ವಿಷಯವಲ್ಲ. ಮೂರ್ತಿ ಎಲ್ಲಿ ಕೂರುತ್ತದೋ ಅಲ್ಲಿಗೆ ಹೋದ ಮೇಲೆಯೇ ಕಣ್ಣಿನ ಗೊಂಬೆ, ಅಂದರೆ ನಡುವಿನ ಪಾಪೆ, ಕೆತ್ತುವುದು. ಅಲ್ಲಿಯವರೆಗೆ ಕಣ್ಣಿನ ಜಾಗ ನುಣ್ಣಗೆ ಇರುತ್ತದೆ. ಪೆರ್ಡೂರಿನವರಿಗೂ ಗೊತ್ತು, ಕಾಪುವಿನವರಿಗೂ ಗೊತ್ತು. ಸ್ಕಾಟ್ಲೆಂಡಿನವರಿಗೆ ಗೊತ್ತಿಲ್ಲ ಎಂದು ನಮಗೆ ಹೊಳೆಯಲಿಲ್ಲ.

ಪೆಟ್ಟಿಗೆ ಒಡೆದ ದಿನ ಏಜೆಂಟ್ ಫೋನ್ ಮಾಡಿ ಕೂಗಿದ. ಕುರುಡನನ್ನು ಕಳಿಸಿದ್ದೀರಿ, ಅವರ ಊರಿನವರು ಫೋಟೋ ಹಾಕಿಕೊಂಡು ನಗುತ್ತಿದ್ದಾರೆ ಎಂದ. ವಾಸಣ್ಣನಿಗೆ ಅವನು ಯಾಕೆ ಕೂಗುತ್ತಿದ್ದಾನೆ ಎಂದೇ ತಿಳಿಯಲಿಲ್ಲ.

"ಕಣ್ಣು ತೆರೆದು ಹಡಗಿಗೆ ಹಾಕುವುದಾ? ಅಲ್ಲಿವರೆಗೆ ಅವನು ಪೆಟ್ಟಿಗೆಯ ಹಲಗೆ ನೋಡಿಕೊಂಡು ಹೋಗಬೇಕಾ? ನೀವೇ ಹೇಳಿ" ಎಂದರು.

ಆ ಊರಿನವರು ಕೊನೆಗೆ ಒಂದು ಮಾತು ಹೇಳಿ ಕಳಿಸಿದರು. ಜೂನಿನ ಒಂದು ಭಾನುವಾರ ಅವರ ವರ್ಷದ ಕಾರ್ಯಕ್ರಮ. ಅಷ್ಟರೊಳಗೆ ಸಿಪಾಯಿ ಸರಿಯಾದರೆ ಕಂಬಕ್ಕೆ ಏರುತ್ತಾನೆ. ಇಲ್ಲದಿದ್ದರೆ ಯಾರದೋ ಕೊಟ್ಟಿಗೆಗೆ ಹೋಗುತ್ತಾನೆ, ಕಂಬದ ತುದಿಗೆ ಚಪ್ಪಟೆ ಕಲ್ಲು ಮುಚ್ಚುತ್ತಾರೆ.

ವಾಸಣ್ಣನಿಗೆ ಪಾಸ್‌ಪೋರ್ಟ್ ಇಲ್ಲ. ನನಗಿತ್ತು. ದುಬಾಯಿಗೆ ಹೋಗುತ್ತೇನೆಂದು ಮಾಡಿಸಿ ಹೋಗದೆ ಉಳಿದದ್ದು. ತೊಂದರೆ ಒಂದೇ. ನಾನು ಯಾವತ್ತೂ ಕಣ್ಣು ಕೆತ್ತಿದವನಲ್ಲ. ನಮ್ಮ ಶೆಡ್ಡಿನಲ್ಲಿ ಕಣ್ಣು ವಾಸಣ್ಣ ಒಬ್ಬರೇ ಮುಟ್ಟುವುದು. ಮೂಗು ತಪ್ಪಿದರೆ ಉಜ್ಜಿ ಸರಿ ಮಾಡಬಹುದು. ಕಣ್ಣಿನಲ್ಲಿ ಉಳಿ ಜಾರಿದರೆ ಮೂರ್ತಿ ಮುಗಿಯಿತು.

"ನನ್ನಿಂದ ಆಗುತ್ತದಾ?" ಎಂದು ಕೇಳಿದೆ.

"ಆಗದಿದ್ದರೆ ಬಂದು ಹೇಳು. ಬಾರದೆ ಇರಬೇಡ" ಎಂದರು.

ಬಜಪೆಯಿಂದ ಆಚೆ

ವಿಮಾನದ ಬಗ್ಗೆ ಹೇಳಲಿಕ್ಕೆ ಹೆಚ್ಚೇನೂ ಇಲ್ಲ. ಕಿವಿ ನೋಯುತ್ತದೆ. ಕಾಲು ಚಾಚಲಿಕ್ಕೆ ಆಗುವುದಿಲ್ಲ. ಪಕ್ಕದವನು ನನ್ನ ಕುರ್ಚಿಯ ತೋಳಿನ ಮೇಲೆ ಕೈಯಿಟ್ಟು ನಿದ್ದೆ ಮಾಡಿದ.

ಬಜಪೆಯ ವಿಮಾನ ನಿಲ್ದಾಣದಲ್ಲಿ ನನ್ನ ಉಳಿ, ಸುತ್ತಿಗೆಗಳ ಚೀಲವನ್ನು ಕಂಡು ಪೊಲೀಸರು ಬದಿಗೆ ಕರೆದರು. ಒಂದೊಂದನ್ನೂ ಎತ್ತಿ ಇದು ಎಂತದ್ದು, ಇದು ಎಂತದ್ದು ಎಂದು ಕೇಳಿದರು. ಕಣ್ಣು ಕೆತ್ತುವುದು ಎಂದೆ. ಯಾರ ಕಣ್ಣು ಎಂದು ಕೇಳಿದರು. ಸ್ಕಾಟ್ಲೆಂಡಿನ ಸಿಪಾಯಿಯದ್ದು ಎಂದೆ. ನನ್ನನ್ನು ಇನ್ನೂ ಸ್ವಲ್ಪ ಹೊತ್ತು ಕೂರಿಸಿದರು. ಪೂರ್ತಿ ಮಾತು ಹೇಳದಿದ್ದರೆ ಹೀಗೆ ಆಗುತ್ತದೆ. ಕೊನೆಗೆ ಚೀಲವನ್ನು ವಿಮಾನದ ಹೊಟ್ಟೆಗೆ ಹಾಕಲು ಬಿಟ್ಟರು.

ಅಬರ್ಡೀನಿನಲ್ಲಿ ಇಳಿದಾಗ ನಾನು ಬಂದಿದ್ದೆ, ಚೀಲ ಬಂದಿರಲಿಲ್ಲ. ಚೀಲಗಳು ಸುತ್ತುವ ಪಟ್ಟಿ ಖಾಲಿಯಾಗಿ ನಿಲ್ಲುವವರೆಗೆ ನಿಂತಿದ್ದೆ. ಕೌಂಟರಿನ ಹುಡುಗಿ ತುಂಬಾ ಸಲ ಸಾರಿ ಎಂದಳು. ಆ ದೇಶದಲ್ಲಿ ಸಾರಿ ಎನ್ನುವ ಮಾತಿಗೆ ಬರವಿಲ್ಲ. ಬಾಗಿಲು ದೂಡಿದರೆ ಸಾರಿ, ಮಳೆ ಬಂದರೆ ಸಾರಿ. ನಾನು ಒಬ್ಬನ ಕಾಲು ತುಳಿದೆ. ಅವನೇ ಸಾರಿ ಹೇಳಿದ.

ಹೊರಗೆ ಜೆಸಿಂತಾ ಎನ್ನುವವರು ಕಾದಿದ್ದರು. ನಮ್ಮ ಇನ್ನಂಜೆಯ ಪಕ್ಕದ ಶಂಕರಪುರದವರು. ಮಣಿಪಾಲದಲ್ಲಿ ನರ್ಸಿಂಗ್ ಕಲಿತು, ಆ ಹಳ್ಳಿಯ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾರೆ. ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಕೇಳಿ ಹಳ್ಳಿಯವರು ಅವರನ್ನು ಹುಡುಕಿದ್ದರು. ಅವರ ಅಮ್ಮ ಮಲ್ಲಿಗೆ ಕಟ್ಟುವವರು, ನನ್ನ ಅಮ್ಮನೂ ಮಲ್ಲಿಗೆ ಕಟ್ಟುವವಳು. ಮಲ್ಲಿಗೆ ಕೊಳ್ಳುವ ಒಂದೇ ಕಟ್ಟೆಗೆ ಹೂ ಕೊಡುವವರು ಎಂದು ತಿಳಿದ ಮೇಲೆ ಅವರು ನನಗೆ ಬೈಯಲು ಶುರು ಮಾಡಿದರು.

"ಉಳಿಯನ್ನು ಯಾರಾದರೂ ಒಂದೇ ಚೀಲದಲ್ಲಿ ಹಾಕುತ್ತಾರಾ ಮಾರಾಯ? ನೀನು ಎಂತ, ಮಲ್ಪೆಗೆ ಹೊರಟದ್ದಾ?"

ಜೆಸಿಂತಕ್ಕನ ಕಾರಿನಲ್ಲಿ ಹೋದೆವು. ರಸ್ತೆಯ ಎರಡು ಕಡೆ ಹುಲ್ಲು, ಕುರಿ, ಕಲ್ಲಿನ ಗೋಡೆ. ಮನೆಗಳೆಲ್ಲ ಬೂದು ಬಣ್ಣದ ಕಲ್ಲಿನವು. ಕಲ್ಲು ನೋಡಿ ನನಗೆ ಒಂದು ಸಂಶಯ ಬಂತು. ಇಷ್ಟು ಕಲ್ಲು ಇರುವವರು ನಮ್ಮಲ್ಲಿಗೆ ಯಾಕೆ ಬಂದರು? ಕಾರು ನಿಲ್ಲಿಸಿ ಅಕ್ಕ ಒಂದು ದೊಡ್ಡ ಕೊಳ ತೋರಿಸಿದರು. ಅದು ಹಿಂದೆ ಕಲ್ಲಿನ ಕೋರೆ. ಕೆಲಸ ನಿಂತು ನೀರು ತುಂಬಿದೆ. ಕೆತ್ತುವವರು ಇಲ್ಲ. ಕಾರ್ಕಳದ ಸುತ್ತಲೂ ಇಂಥ ನೀರು ತುಂಬಿದ ಕೋರೆಗಳು ಉಂಟು. ನಮ್ಮ ಹುಡುಗರು ಅದರಲ್ಲಿ ಈಜುತ್ತಾರೆ. ಇಲ್ಲಿ ಬೇಲಿ ಹಾಕಿ ಬೋರ್ಡು ನೆಟ್ಟಿದ್ದರು.

ಇಸೊಬೆಲ್ ಮನೆ

ನಾನು ಉಳಿದದ್ದು ಇಸೊಬೆಲ್ ಎಂಬ ಮುದುಕಿಯ ಮನೆಯಲ್ಲಿ. ಮೊದಲು ಆ ಊರಿನ ಬಸ್ಸಿನ ಡ್ರೈವರ್ ಆಗಿದ್ದವರು. ಕೈ ಗಟ್ಟಿ. ಕರಿಕಲ್ಲಿನ ಸಿಪಾಯಿಯನ್ನು ಇಂಡಿಯಾದಿಂದ ತರಿಸೋಣ ಎಂದು ಊರನ್ನು ಒಪ್ಪಿಸಿದವರು ಅವರೇ. ಹಾಗಾಗಿ ಕುರುಡ ಬಂದಾಗ ಎಲ್ಲರೂ ಅವರ ಮುಖ ನೋಡಿದ್ದರು.

ಅವರ ಮನೆಯಲ್ಲಿ ನಾಯಿ ಸೋಫಾದಲ್ಲಿ ಮಲಗುತ್ತದೆ. ಅವರು ಕುರ್ಚಿಯಲ್ಲಿ ಕೂರುತ್ತಾರೆ. ರಾತ್ರಿ ಊಟದ ಹೊತ್ತಿಗೂ ಬಿಸಿಲು. ಆರು ಗಂಟೆಗೆ ಊಟ ಕೊಟ್ಟರು. ಅದು ಸಂಜೆಯ ತಿಂಡಿ ಎಂದುಕೊಂಡು ಸ್ವಲ್ಪ ತಿಂದು, ಊಟಕ್ಕೆ ಕಾದೆ. ಊಟ ಬರಲೇ ಇಲ್ಲ. ಅವರು ಗುಡ್‌ನೈಟ್ ಹೇಳಿ ಹೋದರು. ಮರುದಿನ ಜೆಸಿಂತಕ್ಕ ಕುಚ್ಚಲಕ್ಕಿ ಗಂಜಿ ಡಬ್ಬಿಯಲ್ಲಿ ತಂದುಕೊಟ್ಟರು, ಮಿಡಿ ಉಪ್ಪಿನಕಾಯಿ ಸಮೇತ. ಸ್ಕಾಟ್ಲೆಂಡಿನಲ್ಲಿ ನಾನು ಕಂಡ ಒಳ್ಳೆಯ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ಆ ಡಬ್ಬಿ ಎನ್ನುತ್ತೇನೆ.

ಇಸೊಬೆಲ್ ನನ್ನನ್ನೂ ಜೆಸಿಂತಕ್ಕನನ್ನೂ ಕಂಬದ ಹತ್ತಿರ ಕರೆದುಕೊಂಡು ಹೋದರು. ರಸ್ತೆಯ ತಿರುವಿನಲ್ಲಿ ಉಂಟು. ಎರಡಾಳು ಎತ್ತರ. ನಾಲ್ಕು ಬದಿಯಲ್ಲೂ ಹೆಸರು ಕೊರೆದಿದೆ. ಅವರು ಬೂಟು ಹಾಕಿಕೊಂಡೇ ಮೆಟ್ಟಿಲು ಹತ್ತಿ ಹೆಸರುಗಳನ್ನು ಒರೆಸಿದರು. ನನ್ನ ಕಾಲು ತಾನಾಗಿಯೇ ಚಪ್ಪಲಿ ಬಿಡಲು ಹೋಯಿತು. ಚಳಿ ನೆನಪಾಗಿ ಸುಮ್ಮನಾದೆ.

ಒಂದು ಹೆಸರಿನ ಮೇಲೆ ಅವರು ಬೆರಳಿಟ್ಟರು. ಅವರ ಅಜ್ಜನ ಅಜ್ಜನ ಅಣ್ಣನೋ ತಮ್ಮನೋ. ಯುದ್ಧಕ್ಕೆಂದು ಇಂಡಿಯಾಕ್ಕೆ ಹೋದವನು ಅಲ್ಲಿಯೇ ಸತ್ತನಂತೆ. ಗುಂಡಿನಿಂದಲ್ಲ, ಹೊಟ್ಟೆ ಕೆಟ್ಟು. ಇಸೊಬೆಲ್ ನನ್ನನ್ನೇ ನೋಡಿದರು. ನಾನು ಏನು ಹೇಳಬೇಕಿತ್ತು? ಅವನು ನಮ್ಮ ಕಡೆಯವರನ್ನು ಕೊಲ್ಲಲು ಬಂದವನು. ನಮ್ಮ ನೀರು ಅವನನ್ನು ಕೊಂದಿತು. ಜೆಸಿಂತಕ್ಕನಿಗೆ ಅದನ್ನು ಹೇಳಿದೆ. ಅವರು ಇಂಗ್ಲಿಷಿನಲ್ಲಿ ಬೇರೆ ಏನೋ ಹೇಳಿದರು. ಮುದುಕಿ ನನ್ನ ಕೈ ಹಿಡಿದು ಥ್ಯಾಂಕ್ಸ್ ಎಂದರು.

"ಎಂತ ಹೇಳಿದಿರಿ ಅಕ್ಕ?"

"ನಿನಗೆ ಎಂತಕ್ಕೆ ಅದು? ಊಟ ಹಾಕುವವರ ಹತ್ತಿರ ಹಾಗೆ ಹೇಳ್ಲಿಕ್ಕೆ ಉಂಟಾ?"

ಸಮಿತಿ

ಕಣ್ಣು ಕೆತ್ತುವ ಮೊದಲು ನನಗೆ ಒಂದು ವಿಷಯ ತಿಳಿಯಬೇಕಿತ್ತು. ಇವನು ಎಲ್ಲಿ ನೋಡಬೇಕು? ಗುಡಿಯಲ್ಲಾದರೆ ಇದು ಪ್ರಶ್ನೆಯೇ ಅಲ್ಲ. ದೇವರು ಒಳಗೆ, ನಾವು ಎದುರು, ಕಣ್ಣಿಗೆ ಕಣ್ಣು ನೇರ. ಆದರೆ ಇವನು ಎರಡಾಳು ಎತ್ತರದಲ್ಲಿ ನಿಲ್ಲುವವನು. ಗೊಂಬೆಯನ್ನು ನಡುವಿನಲ್ಲಿ ಕೆತ್ತಿದರೆ ಎಲ್ಲರ ತಲೆಯ ಮೇಲಿಂದ ಕುರಿ ಗುಡ್ಡ ನೋಡುತ್ತಾನೆ. ಸ್ವಲ್ಪ ಕೆಳಗೆ ಕೆತ್ತಿದರೆ ನಿಂತವರನ್ನು ನೋಡುತ್ತಾನೆ. ಹಳೆಯವನು ಎಲ್ಲಿ ನೋಡುತ್ತಿದ್ದ ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ. ಇವರ ಅಜ್ಜಂದಿರೂ ಅವನ ಕಣ್ಣು ಕಂಡವರಲ್ಲ.

ಕಂಬ ನೋಡಿಕೊಳ್ಳುವ ಊರಿನ ಸಮಿತಿ ಸೇರಿತು. ಅಲ್ಲಿ ಮಾತಾಡುವವರು ಇಬ್ಬರೇ. ಒಬ್ಬರು ಇಸೊಬೆಲ್. ಇನ್ನೊಬ್ಬರು ಕೆನ್. ಕೆನ್ ಮಿಲಿಟರಿಯಿಂದ ಬಂದವರು, ಐವತ್ತು ದಾಟಿದವರು, ಬೆನ್ನು ಇನ್ನೂ ಹಲಗೆಯ ಹಾಗೆ ನೇರ. ಪ್ರತಿ ವರ್ಷ ಕಂಬದ ಎದುರು ನಿಂತು ಹೂವಿನ ಚಕ್ರ ಇಟ್ಟು ಹೆಸರು ಓದುವುದು ಅವರೇ. ಕಂಬ ಖಾಲಿ ಇರಲಿ, ಖಾಲಿ ಇದ್ದರೆ ಯಾರಿಗೂ ಅವಮಾನ ಇಲ್ಲ ಎಂದು ಮೊದಲಿನಿಂದ ಹೇಳಿದವರು.

ಇಸೊಬೆಲ್ ಸಿಪಾಯಿ ಜನರನ್ನು ನೋಡಬೇಕು ಎಂದರು. ಕೆನ್ ನೇರ ನೋಡಬೇಕು ಎಂದರು. ಸಿಪಾಯಿ ನಿಲ್ಲುವುದೇ ಹಾಗೆ, ಎದುರು ಯಾರು ನಿಂತರೂ ಅವನು ಅವರನ್ನು ನೋಡಬಾರದು. ಅರ್ಧ ದಿನ ಇದೇ ನಡೆಯಿತು. ಯಾರೂ ದನಿ ಎತ್ತಲಿಲ್ಲ. ನಮ್ಮಲ್ಲಿ ಜೀರ್ಣೋದ್ಧಾರದ ಸಮಿತಿಯಾದರೆ ಇಷ್ಟರಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾರಿ, ಇಬ್ಬರು ರಾಜೀನಾಮೆ ಕೊಟ್ಟು, ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಇವರು ಬಿಸ್ಕತ್ತಿನ ತಟ್ಟೆಯನ್ನು ಒಬ್ಬರು ಇನ್ನೊಬ್ಬರ ಕಡೆ ದೂಡುತ್ತಾ, ಸಾರಿ ಆದರೆ ನಾನು ಒಪ್ಪುವುದಿಲ್ಲ, ಸಾರಿ ನಾನೂ ಒಪ್ಪುವುದಿಲ್ಲ ಎನ್ನುತ್ತಾ ಕೂತರು. ನನಗೆ ತಲೆ ಕೆಟ್ಟಿತು.

"ಅಕ್ಕ, ಮೇಲೆಯಾ ಕೆಳಗೆಯಾ ಎಂದು ಹೇಳ್ಲಿಕ್ಕೆ ಹೇಳಿ. ನಾನು ಕೆತ್ತಿ ಹೋಗ್ತೇನೆ."

ಅಕ್ಕ ಇದನ್ನು ಹಾಗೆಯೇ ಹೇಳಿದರು ಅಂತ ಕಾಣುತ್ತದೆ. ಬಿಸ್ಕತ್ತಿನ ತಟ್ಟೆ ನಡುವಿನಲ್ಲೇ ನಿಂತಿತು. ಕಂಬದ ಮೇಲೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡುವುದು ಎಂದು ಕೊನೆಗೆ ತೀರ್ಮಾನವಾಯಿತು.

ಕಂಬದ ಮೇಲೆ

ಶುಕ್ರವಾರ ಒಬ್ಬ ರೈತ ಎತ್ತುವ ಗಾಡಿ ತಂದ. ಸಿಪಾಯಿಯನ್ನು ಬೆಲ್ಟಿನಲ್ಲಿ ಕಟ್ಟಿ ಕಂಬದ ಮೇಲಿಟ್ಟೆವು. ಸಿಮೆಂಟು ಹಾಕಲಿಲ್ಲ, ಬರೇ ಇಟ್ಟದ್ದು. ಬೂದು ಕಂಬದ ಮೇಲೆ ಕರಿ ಆಳು. ಚೆನ್ನಾಗಿ ಕಂಡ. ಕೆಳಗಿನವರಿಗೆ ಹೇಗೆ ಕಂಡನೋ ನನಗೆ ಗೊತ್ತಿಲ್ಲ.

ಕಬ್ಬಿಣದ ಅಟ್ಟಳಿಗೆ ಹತ್ತಿ ನಾನು ಅವನ ಮುಖದ ಪಕ್ಕ ನಿಂತೆ. ಗಾಳಿ ಹೇಗಿತ್ತೆಂದರೆ, ಕಾಪುವಿನ ಲೈಟ್‌ಹೌಸಿನ ಮೇಲೆ ಆಟಿ ತಿಂಗಳ ಮಳೆಯಲ್ಲಿ ನಿಂತ ಹಾಗೆ, ಮೇಲಿಂದ ಐಸು ಹಾಕಿದ ಹಾಗೆ. ಮೊದಲು ಗೊಂಬೆಯನ್ನು ನಡುವಿನಲ್ಲಿ ಬರೆದೆ. ಇಸೊಬೆಲ್ ಕೆಳಗೆ ಆ ಕಡೆ ಈ ಕಡೆ ನಡೆದು, ಎಲ್ಲಿ ನಿಂತರೂ ಇವನು ನನ್ನನ್ನು ಕಾಣುವುದಿಲ್ಲ ಎಂದರು. ಕೆನ್ ಸರಿ ಎಂದು ತಲೆಯಾಡಿಸಿದರು. ಅದನ್ನು ಒರೆಸಿ ಎರಡು ನೂಲು, ಕಾಲು ಇಂಚಿನಷ್ಟು, ಕೆಳಗೆ ಬರೆದೆ. ಯಾರಾದರೂ ಎದುರು ನಿಲ್ಲಬೇಕಿತ್ತು. ಪ್ರತಿ ವರ್ಷ ನಿಲ್ಲುವ ಜಾಗದಲ್ಲಿ ಕೆನ್ ಬಂದು ನಿಂತರು.

ಅವರು ಮೇಲೆ ನೋಡಿದರು. ಸಿಪಾಯಿ ಅವರನ್ನು ನೋಡಿದ. ಸೀಮೆಸುಣ್ಣದ ಗೆರೆ ಅಷ್ಟೇ. ಆದರೆ ಸರಿಯಾಗಿ ಬಿದ್ದಿತ್ತು. ಕೆನ್ ಒಂದು ಗಳಿಗೆ ನಿಂತು ಪಕ್ಕಕ್ಕೆ ಸರಿದರು. ಆಮೇಲೆ ಇನ್ನೂ ಪಕ್ಕಕ್ಕೆ. ಕೊನೆಗೆ ಗಾಡಿಯ ಹಿಂದೆ ಹೋಗಿ ನಿಂತರು. ಅಲ್ಲಿಂದಲೇ ಏನೋ ಹೇಳಿದರು. ಜೆಸಿಂತಕ್ಕ ನನಗೆ ಕೂಗಿ ಹೇಳಲಿಲ್ಲ. ಅಟ್ಟಳಿಗೆಯ ಬುಡಕ್ಕೆ ಬಂದು ಮೆತ್ತಗೆ ಹೇಳಿದರು.

"ಇಲ್ಲಿ ಬೇಡ ಅಂತೆ. ಪ್ರತಿ ವರ್ಷ ನಾನು ಇಲ್ಲಿ ನಿಲ್ಲಬೇಕಲ್ಲ ಅಂತ ಹೇಳ್ತಿದ್ದಾರೆ."

ಇಸೊಬೆಲ್ ಇದನ್ನು ಕೇಳಿದವರು ವಾದ ಮಾಡಲಿಲ್ಲ. ನಾನು ಸೀಮೆಸುಣ್ಣ ಒರೆಸಿದೆ. ಸಿಪಾಯಿ ಮತ್ತೆ ಕುರುಡನಾದ. ಭಾನುವಾರಕ್ಕೆ ನಡುವೆ ಶನಿವಾರ ಒಂದೇ ಉಳಿದಿತ್ತು.

ಕೆನ್ ಶೆಡ್ಡು

ಉಳಿ ಇನ್ನೂ ಬಂದಿರಲಿಲ್ಲ. ಜೆಸಿಂತಕ್ಕ ದಿನಾ ಏರ್‌ಪೋರ್ಟಿಗೆ ಫೋನ್ ಮಾಡುತ್ತಿದ್ದರು. ಚೀಲ ದುಬಾಯಿಯಲ್ಲಿ ಉಂಟು ಎಂದರು. ನಾನು ಹೋಗದ ದುಬಾಯಿಗೆ ನನ್ನ ಉಳಿ ಹೋಗಿತ್ತು. ಸಂಜೆ ಕೆನ್ ತಾವೇ ಬಂದು ನನ್ನನ್ನು ಅವರ ಶೆಡ್ಡಿಗೆ ಕರೆದರು. ಜೆಸಿಂತಕ್ಕನಿಗೆ ಡ್ಯೂಟಿ ಇತ್ತು. ನಾವಿಬ್ಬರೇ ಹೋದೆವು.

ಅವರ ಅಪ್ಪ ಆ ಕೋರೆಯಲ್ಲಿ ಕಲ್ಲು ಕಡಿಯುತ್ತಿದ್ದವರು. ಗೋಡೆಯಲ್ಲಿ ಅಪ್ಪನ ಉಳಿ, ಸುತ್ತಿಗೆಗಳು ತೂಗುತ್ತಿದ್ದವು. ಎಣ್ಣೆ ಹಚ್ಚಿ ಇಟ್ಟಿದ್ದರು. ಒಂದು ಸುತ್ತಿಗೆ, ಒಂದು ಸಪೂರ ಉಳಿ ಆರಿಸಿಕೊಂಡೆ. ತುದಿ ಮೊಂಡಾಗಿತ್ತು. ಗ್ರೈಂಡರಿಗೆ ಹಿಡಿದೆ. ಅವರು ನೀರು ಹಾಕಿದರು. ಕಿಡಿ ಹಾರುವಾಗ ಕೆನ್ ಮಾತಾಡತೊಡಗಿದರು. ನನಗೆ ಅರ್ಥವಾದದ್ದು ತುಣುಕು ತುಣುಕು. ಮರಳು ಅಂದರು, ರಸ್ತೆ ಅಂದರು, ಹುಡುಗರು ಅಂದರು. ಎರಡು ಬೆರಳು ತೋರಿಸಿದರು. ಆ ಕಡೆ ಹೋಗಿ ಎನ್ನುವ ಹಾಗೆ ಕೈಯನ್ನು ಮುಂದೆ ಮಾಡಿ, ತಮ್ಮ ಎದೆ ಮುಟ್ಟಿಕೊಂಡರು. ಹೋಗಿ ಎಂದವರು ತಾವೇ, ಹೋದ ಇಬ್ಬರು ತಿರುಗಿ ಬರಲಿಲ್ಲ ಎಂದು ನಾನು ತಿಳಿದುಕೊಂಡೆ. ನಾನು ಗ್ರೈಂಡರ್ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರೆ ಎಂದು ಅನಿಸಿತು. ಕೊನೆಗೆ ಉಳಿ ಬಿಸಿಯಾಗಿ ಹಿಡಿಯಲು ಆಗಲಿಲ್ಲ. ನಿಲ್ಲಿಸಿದೆ. ಅವರು ಬಟ್ಟೆ ಕೊಟ್ಟರು, ಒರೆಸಿದೆ, ಬಂದೆ.

ಬಸ್ ಸ್ಟಾಪು

ಶನಿವಾರ ಬೆಳಿಗ್ಗೆ ಜೆಸಿಂತಕ್ಕ ಗಂಜಿ ತಂದರು. ಗಾಳಿಗೆ ಹೊರಗೆ ಕೂರಲು ಆಗಲಿಲ್ಲ. ಕಂಬದಿಂದ ಸ್ವಲ್ಪ ಓರೆಗೆ, ರಸ್ತೆಯ ಆಚೆ ಬಸ್ಸಿಗೆ ಕಾಯುವ ಒಂದು ಸಣ್ಣ ಗೂಡು ಇತ್ತು, ಮೂರು ಬದಿ ಗೋಡೆ, ಒಂದು ಬೆಂಚು. ಅಲ್ಲಿ ಕೂತು ಉಂಡೆವು.

ನಮ್ಮಲ್ಲಿ ಯಾರಾದರೂ ಸತ್ತರೆ ಮನೆಯವರು ಏನು ಮಾಡುತ್ತಾರೆ? ಬಸ್ ಸ್ಟಾಪು ಕಟ್ಟಿಸುತ್ತಾರೆ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ ನೋಡಿ, ಎಲ್ಲ ತಂಗುದಾಣದ ನೆತ್ತಿಯಲ್ಲೂ ದಿವಂಗತ ಯಾರೋ ಒಬ್ಬರ ಸ್ಮರಣಾರ್ಥ ಎಂದು ಬರೆದಿರುತ್ತದೆ. ಓದದೆ ಕೂರುವವರೂ ಕೂರುತ್ತಾರೆ. ಕಂಬ ನೆಟ್ಟರೆ ಯಾರಿಗೆ ಉಪಯೋಗ? ಈ ಊರಿನ ಕಂಬವನ್ನು ನಾನು ಇಷ್ಟು ದಿನ ನೋಡಿದ್ದೆ. ಕಾರುಗಳು ನಿಲ್ಲದೆ ಹೋಗುತ್ತವೆ. ಎದುರು ನಿಲ್ಲುವವರು ವರ್ಷಕ್ಕೊಮ್ಮೆ. ಇಡೀ ತಿರುವಿನಲ್ಲಿ ಮನುಷ್ಯರು ಇರುವ ಜಾಗ ಅಂದರೆ ಈ ಬೆಂಚು ಒಂದೇ.

"ಅಕ್ಕ, ಅವನು ಇಲ್ಲಿ ನೋಡಿದರೆ ಆಗುವುದಿಲ್ವಾ?"

"ಬಸ್ ಸ್ಟಾಪಾ? ಸಿಪಾಯಿಯಾ? ನಿನಗೆ ತಲೆ ಸರಿ ಉಂಟಾ?"

"ನೋಡುವವನಿಗೆ ನೋಡ್ಲಿಕ್ಕೆ ಜನ ಬೇಕಲ್ಲ. ಇಲ್ಲಿ ಭಾಷಣ ಮಾಡುವವರು ಯಾರೂ ಕೂರುವುದಿಲ್ಲ."

ಅಕ್ಕ ಹೋಗಿ ಇಬ್ಬರಿಗೂ ಹೇಳಿದರು. ಇಸೊಬೆಲ್ ಬಂದು ಬೆಂಚಿನಲ್ಲಿ ಕೂತು ಕಂಬವನ್ನು ನೋಡಿದರು. ಎಷ್ಟೋ ವರ್ಷ ಬಸ್ಸು ನಿಲ್ಲಿಸಿದ ಜಾಗ ಅದು. ಊರು ಬಿಟ್ಟು ಹೋಗುವವರೆಲ್ಲ ನನ್ನ ಬಸ್ಸಿಗೆ ಇಲ್ಲಿಂದಲೇ ಹತ್ತಿದ್ದು ಎಂದರು. ಕೆನ್ ರಸ್ತೆಯ ಆಚೆ ಇದ್ದರು. ತಾವು ಹೂವಿನ ಚಕ್ರ ಇಡುವ ಜಾಗವನ್ನೂ ಬೆಂಚನ್ನೂ ಕಣ್ಣಿನಲ್ಲೇ ಅಳೆದರು. ಅಲ್ಲಾದರೆ ಆಗಬಹುದು ಎಂದರು.

ನಾನು ವಾಸಣ್ಣನಿಗೆ ಫೋನ್ ಮಾಡಿದೆ. ಗೊಂಬೆಯನ್ನು ಬಲಕ್ಕೆ, ಸ್ವಲ್ಪ ಕೆಳಗೆ ಕೆತ್ತಬಹುದಾ ಎಂದು ಕೇಳಿದೆ.

"ಓರೆಗಣ್ಣು ಮಾಡಬೇಡ. ಕಳ್ಳನ ಹಾಗೆ ಕಾಣ್ತದೆ. ಆಳನ್ನೇ ತಿರುಗಿಸು. ಸಿಮೆಂಟು ಹಾಕಿದ್ದೀಯಾ?"

"ಇಲ್ಲ."

"ಮತ್ತೆ ಎಂತ ಯೋಚನೆ? ತಿರುಗಿಸಿ ನೇರ, ಸ್ವಲ್ಪ ಕೆಳಗೆ ಕೆತ್ತು. ಮತ್ತೆ ಎದುರು ಯಾರೂ ಇರಬಾರದು, ಆಯ್ತಾ? ಕನ್ನಡಿ ಹಿಡಿ."

ರೈತನನ್ನು ಮತ್ತೆ ಕರೆಸಿದೆವು. ಸಿಪಾಯಿಯನ್ನು ಎತ್ತಿ ಬೆಂಚಿನ ಕಡೆಗೆ ತಿರುಗಿಸಿ ಇಟ್ಟೆವು. ಈಗ ಅವನ ಬೂಟು ಕಂಬದ ಅಂಚಿಗೆ ಸಮ ಇರಲಿಲ್ಲ. ಸಾಲಿನಿಂದ ತಪ್ಪಿ ನಿಂತ ಹಾಗೆ. ಕೆನ್ ಅದನ್ನು ನೋಡಿ ಏನೋ ಅಂದರು. ಇಂಥವನನ್ನು ಪರೇಡಿನಿಂದ ಹೊರಗೆ ಹಾಕುತ್ತಿದ್ದೆ ಎಂದರಂತೆ. ಅವರು ನಕ್ಕದ್ದನ್ನು ನಾನು ಕಂಡದ್ದು ಆಗ.

ಕನ್ನಡಿ ಕೇಳಿದೆ. ತೆರೆದ ಕಣ್ಣಿನ ಮೊದಲ ನೋಟ ಯಾವ ಮನುಷ್ಯನ ಮೇಲೂ ಬೀಳಬಾರದು, ಕನ್ನಡಿಯ ಮೇಲೆ ಬೀಳಬೇಕು. ನನಗೆ ಇದರಲ್ಲಿ ದೊಡ್ಡ ನಂಬಿಕೆ ಏನಿಲ್ಲ. ಆದರೆ ವಾಸಣ್ಣ ಮಾಡುವ ಹಾಗೆ ಮಾಡದಿದ್ದರೆ ಉಳಿ ಜಾರುತ್ತದೆ ಎಂದು ಗೊತ್ತಿತ್ತು. ಜೆಸಿಂತಕ್ಕ ಅವರಿಗೆ ವಿವರಿಸುವಾಗ ಯಾರೂ ನಗಲಿಲ್ಲ. ಇಸೊಬೆಲ್ ಬಾತ್‌ರೂಮಿನ ಕನ್ನಡಿಯನ್ನು ಸ್ಕ್ರೂ ಬಿಚ್ಚಿ ತಂದರು. ಅಷ್ಟರಲ್ಲಿ ಬೆಂಚಿನಲ್ಲಿ ಒಬ್ಬಳು ಹೆಂಗಸು ತರಕಾರಿ ಚೀಲ ಇಟ್ಟುಕೊಂಡು ಬಸ್ಸಿಗೆ ಕಾದಿದ್ದಳು. ಎದುರು ಇರಬಾರದು ಎಂದು ಅವಳನ್ನು ಎಬ್ಬಿಸಿದರು. ಮಳೆ ಹನಿಯುತ್ತಿತ್ತು. ಅವಳು ಸಾರಿ ಹೇಳಿ ಗೂಡಿನ ಹಿಂದೆ ಹೋಗಿ ಚೀಲ ತಲೆಗೆ ಹಿಡಿದು ನಿಂತಳು. ಬಸ್ಸು ಬಂತು. ಡ್ರೈವರನಿಗೆ ಇಸೊಬೆಲ್ ಕೈ ಅಡ್ಡ ಹಿಡಿದರು. ಅವನು ತಿರುವಿನ ಹಿಂದೆಯೇ ಇಂಜಿನ್ ನಿಲ್ಲಿಸಿದ. ಪ್ರಯಾಣಿಕರೂ ಸುಮ್ಮನೆ ಕೂತರು. ನಮ್ಮ ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸಾಗಿದ್ದರೆ ಹಾರ್ನಿಗೇ ಕಣ್ಣು ತೆರೆದುಕೊಳ್ಳುತ್ತಿತ್ತು.

ಬಲಗಣ್ಣು ಮೊದಲು. ನಾನು ಎದುರು ನಿಲ್ಲದೆ ಪಕ್ಕದಲ್ಲಿ ನಿಂತೆ. ಕೆನ್ ಇನ್ನೊಂದು ಪಕ್ಕದಿಂದ ಕನ್ನಡಿ ಹಿಡಿದರು. ಮೊದಲ ಪೆಟ್ಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಚೂರು ಹಾರಿತು. ಆಮೇಲೆ ಕಲ್ಲು ಒಪ್ಪಿತು. ಒಂದು ಕಣ್ಣು ಕೆತ್ತುವುದು ಕಷ್ಟವಲ್ಲ. ಎರಡನೆಯದು ಮೊದಲಿನದರ ಹಾಗೆ ಆಗಬೇಕಲ್ಲ, ಅದು ಕಷ್ಟ. ಎಡಗಣ್ಣಿಗೆ ಉಳಿ ಇಟ್ಟಾಗ ಬೆರಳಿಗೆ ಚಳಿಯಲ್ಲಿ ಸ್ಪರ್ಶವೇ ಇರಲಿಲ್ಲ. ಉಸಿರು ಬಿಟ್ಟು ಬೆರಳು ಬಿಸಿ ಮಾಡಿಕೊಂಡೆ. ಹೊಡೆದೆ.

ಮುಗಿದ ಮೇಲೆ ಕನ್ನಡಿಯಲ್ಲಿ ನೋಡಿದೆ. ಅವನು ನೋಡುತ್ತಿದ್ದ.

ವಾಸಣ್ಣನಿಗೆ ಫೋಟೋ ಕಳಿಸಿದೆ. ಉತ್ತರ ಬಂತು. "ಎಡದ್ದು ಒಂದು ಕೂದಲು ಆಳ. ಯಾರಿಗೂ ಹೇಳಬೇಡ."

ಸಿಮೆಂಟು ಹಾಕಿದೆವು. ಬಟ್ಟೆ ಮುಚ್ಚಿದೆವು. ಬಸ್ಸು ಬಿಟ್ಟರು.

ಭಾನುವಾರ

ಊರೆಲ್ಲ ಸೇರಿತ್ತು. ಗಂಡಸರು ಲಂಗ ಹಾಕಿ ಚೀಲದ ವಾದ್ಯ ಊದಿದರು. ಕೆನ್ ಕೋಟು, ಟೊಪ್ಪಿ ಹಾಕಿ, ಪದಕ ಚುಚ್ಚಿಕೊಂಡು ಬಂದಿದ್ದರು. ತಮ್ಮ ಜಾಗದಲ್ಲಿ ನಿಂತು ಹೂವಿನ ಚಕ್ರ ಇಟ್ಟು ಒಂದೊಂದೇ ಹೆಸರು ಓದಿದರು. ಹೊಟ್ಟೆ ಕೆಟ್ಟು ಸತ್ತವನ ಹೆಸರೂ ಬಂತು. ಅದಕ್ಕೂ ಅಷ್ಟೇ ಗಟ್ಟಿ ದನಿ.

ಇಸೊಬೆಲ್ ಬಟ್ಟೆ ಎಳೆದರು. ಜನ ಮೇಲೆ ನೋಡಿದರು. ಸಿಪಾಯಿ ಅವರಲ್ಲಿ ಯಾರನ್ನೂ ನೋಡುತ್ತಿರಲಿಲ್ಲ. ಅವನು ಏನು ನೋಡುತ್ತಿದ್ದಾನೆ ಎಂದು ಒಬ್ಬೊಬ್ಬರಾಗಿ ತಲೆ ತಿರುಗಿಸಿದರು. ಬಸ್ ಸ್ಟಾಪು. ನಗುತ್ತಾರೆ ಎಂದುಕೊಂಡೆ.

ಯಾರೂ ನಗಲಿಲ್ಲ. ಒಬ್ಬ ಮುದುಕ ರಸ್ತೆ ದಾಟಿ ಹೋಗಿ ಬೆಂಚಿನಲ್ಲಿ ಕೂತು ಮೇಲೆ ನೋಡಿದ. ಸ್ವಲ್ಪ ಹೊತ್ತು ಕೂತು ಎದ್ದು ಬಂದ. ಅವನ ಹಿಂದೆ ಇನ್ನೊಬ್ಬಳು ಹೋದಳು. ಆಮೇಲೆ ಸಾಲು ಆಯಿತು. ಯಾರೂ ಹೇಳಲಿಲ್ಲ, ತಾವಾಗಿಯೇ ಸಾಲಾ‌ಗಿ ನಿಂತರು. ಉಡುಪಿ ಮಠದಲ್ಲಿ ಕಿಟಕಿಯ ಎದುರು ನಿಲ್ಲುವ ಸಾಲಿನ ಹಾಗೆ, ಆದರೆ ದೂಡುವುದಿಲ್ಲ. ಒಬ್ಬರು ಕೂರುವುದು, ನೋಡುವುದು, ಏಳುವುದು.

ಕೆನ್ ಸಾಲಿನಲ್ಲಿ ಇರಲಿಲ್ಲ. ಕುರ್ಚಿ ಮಡಚುತ್ತಿದ್ದರು. ಉಳಿ ಹಿಂದೆ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ನನ್ನ ಜೇಬು ತೋರಿಸಿದರು.

ನನ್ನ ವಿಮಾನಕ್ಕೆ ಹೊತ್ತಾಗಿತ್ತು. ಎಲ್ಲರೂ ಚಹಾಕ್ಕೆ ಊರಿನ ಸಭಾಭವನದೊಳಗೆ ಹೋದ ಮೇಲೆ ನಾವು ಹೊರಟೆವು. ತಿರುವಿಗೆ ಬಂದಾಗ ಜೆಸಿಂತಕ್ಕ ಕಾರು ನಿಧಾನ ಮಾಡಿದರು. ಗೂಡಿನಲ್ಲಿ ಕೆನ್ ಒಬ್ಬರೇ ಕೂತಿದ್ದರು. ಟೊಪ್ಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟಿದ್ದರು. ಬೆನ್ನು ನೇರ ಇರಲಿಲ್ಲ. ಮುಖ ಮೇಲೆ, ಸಿಪಾಯಿಯ ಕಡೆ ಇತ್ತು.

"ಎಲ್ಲಿಗೆ ಹೊರಟದ್ದು ಇವರು? ನಾವೇ ಕಾರಿನಲ್ಲಿ ಬಿಡುವನಾ?" ಎಂದರು ಅಕ್ಕ.

"ಬೇಡ ಅಕ್ಕ. ಹೋಗುವ."

ಭಾನುವಾರ ಆ ರಸ್ತೆಯಲ್ಲಿ ಬಸ್ಸು ಇಲ್ಲ. ಅದು ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.